ನೀರಿನ ಟ್ಯಾಂಕಿನ ಆಚೆಯ ನಿಲ್ದಾಣ

ಸೆಪ್ಟೆಂಬರ್ 3, ಬುಧವಾರ

ಸುತ್ತೋಲೆ ಬಂದಿದೆ! ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಜವಾನ ತಂದು ಮೇಜಿನ ಮೇಲಿಟ್ಟ. ಐವತ್ತೈದು ತುಂಬಿದ ನೌಕರರು ಇಚ್ಛೆಯಿದ್ದಲ್ಲಿ ಅವಧಿಗೆ ಮುನ್ನವೇ ನಿವೃತ್ತಿ ಪಡೆಯಬಹುದು. ಅರ್ಜಿಯನ್ನು ಇದೇ ತಿಂಗಳ ಮೂವತ್ತರ ಸಂಜೆ ಐದರೊಳಗೆ ಕೇಂದ್ರ ಕಚೇರಿಯಲ್ಲಿ ಖುದ್ದಾಗಿ ಸಲ್ಲಿಸತಕ್ಕದ್ದು. ಒಪ್ಪಿಗೆಯಾದವರಿಗೆ ಅಕ್ಟೋಬರ್ ನಾಲ್ಕರಂದು ಬಿಡುಗಡೆ. ನನಗೆ ಐವತ್ತಾರು. ಈ ಬಸ್ ಸಂಸ್ಥೆಯ ವೇಳಾಪಟ್ಟಿ ವಿಭಾಗದಲ್ಲಿ ಕುಳಿತು ಮೂವತ್ತೊಂದು ವರ್ಷವಾಯಿತು. ಊರಿನ ಬಸ್ಸುಗಳು ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ತಿರುಗಬೇಕು ಎಂಬುದನ್ನೆಲ್ಲ ಬರೆದವಳು ನಾನು. ಇನ್ನು ಮುಂದೆ ನಾನು ಯಾವ ಹೊತ್ತಿಗೂ ಏಳಬೇಕಾಗಿಲ್ಲ!

ಮಗಳಿಗೆ ಫೋನು ಮಾಡಿದೆ. ಅವಳ ಮಗುವಿಗೆ ಐದು ತಿಂಗಳು. ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ ಅವಳ ಕೆಲಸ. ಅಕ್ಟೋಬರ್ ಆರರ ಸೋಮವಾರ ಹಾಜರಾಗದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ಪತ್ರ ಬಂದಿದೆ. ಅಳಿಯ ಹಡಗಿನ ಎಂಜಿನ್ ಕೋಣೆಯಲ್ಲಿದ್ದಾನೆ, ಫೆಬ್ರವರಿಯವರೆಗೆ ದಡ ಸೇರುವಂತಿಲ್ಲ. ಅವನಿಗೆ ಹೆತ್ತವರಿಲ್ಲ. ಶಿಶುವಿಹಾರದವರು ವರ್ಷ ತುಂಬದ ಮಗುವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದು ತಿಂಗಳಿಂದ ಅವಳು ನನ್ನನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಆದರೆ ಪ್ರತಿ ಮಾತಿನ ಕೊನೆಯಲ್ಲೂ ಕೇಳುತ್ತಲೇ ಇದ್ದಳು.

"ನಿಜವಾಗ್ಲೂ ಬರ್ತೀಯಾ ಅಮ್ಮಾ? ನಮ್ಮನೇಲೇ ಇರ್ತೀಯಾ? ಆಮೇಲೆ ಮಾತು ಬದಲಾಯಿಸಬಾರದು."

"ನಾನು ಕೊಟ್ಟ ಟೈಮು ಯಾವತ್ತಾದ್ರೂ ತಪ್ಪಿದ್ದುಂಟೇನೇ?" ಎಂದೆ.

ನಮ್ಮ ಯಜಮಾನರಂತೂ ಪತ್ರಿಕೆ ಮಡಿಸಿಟ್ಟು ಎದ್ದೇ ನಿಂತರು. ಅಂಚೆ ಇಲಾಖೆಯಿಂದ ಅವರು ನಿವೃತ್ತರಾಗಿ ಎರಡು ವರ್ಷ. "ಕೇಳಿದ್ದು ಕೈಗೇ ಬಂತಲ್ಲೇ! ಆ ಹುಡುಗಿಗೆ ನೀನಲ್ಲದೆ ಇನ್ಯಾರಿದ್ದಾರೆ?" ಎಂದರು. ನಿಜ, ಯಾರಿದ್ದಾರೆ? ಅವರ ಪಾಲಿನ ದುಡಿಮೆ ಮುಗಿದಿದೆ, ಅವರು ವಿಶ್ರಾಂತಿಯಲ್ಲಿದ್ದಾರೆ.

ಎಷ್ಟು ಸಂತೋಷವಾಗಿದೆಯೆಂದರೆ, ಬರೆಯುವಾಗ ಅಕ್ಷರಗಳು ಗೆರೆಯಿಂದ ಮೇಲಕ್ಕೆ ಹೋಗುತ್ತಿವೆ. ಶಿಸ್ತಿರಬೇಕು.

ಸೆಪ್ಟೆಂಬರ್ 5, ಶುಕ್ರವಾರ

ಅರ್ಜಿ ನಮೂನೆ ತಂದು, ಊಟದ ಬಿಡುವಿನಲ್ಲಿ ತುಂಬಲು ಕುಳಿತೆ. ಹೆಸರು, ಹುದ್ದೆ, ಸೇವೆಗೆ ಸೇರಿದ ದಿನ. ಅಷ್ಟರಲ್ಲಿ ಡಿಪೋ ಮ್ಯಾನೇಜರು ಓಡಿಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಇದೇ ಮೊದಲು.

"ಮೇಡಂ, ಹೊಸ ಸೇತುವೆ ಡಿಸೆಂಬರಲ್ಲಿ ಅಲ್ಲ. ಇದೇ ಮೂವತ್ತಕ್ಕೆ ಉದ್ಘಾಟನೆಯಂತೆ. ಅವತ್ತೇ ಬಸ್ಸು ಓಡಬೇಕಂತೆ."

"ಯಾವ ವೇಳಾಪಟ್ಟಿ ಮೇಲೆ ಓಡುತ್ತೆ ಸಾರ್?"

"ಅದನ್ನೇ ಕೇಳೋಣ ಅಂತ ಬಂದೆ."

ನದಿಯ ಆಚೆ ಹೋಗಲು ಇದುವರೆಗೆ ಇದ್ದದ್ದು ಊರಿನ ತೆಂಕಣ ತುದಿಯ ಹಳೆಯ ಸೇತುವೆ ಮಾತ್ರ. ಸುತ್ತಿ ಬಳಸಿ ಒಂದು ಗಂಟೆ ನಲವತ್ತು ನಿಮಿಷ. ಹೊಸದು ಊರ ನಡುವಿನಿಂದ ನೇರ ಆಚೆ ದಡಕ್ಕೆ. ಒಂದು ಹೊಸ ಮಾರ್ಗ ಸೇರಿದರೆ ಹಳೆಯ ಹನ್ನೊಂದೂ ಮಾರ್ಗಗಳ ಸಮಯ ಕದಲುತ್ತದೆ. ಇಪ್ಪತ್ತೈದು ದಿನದಲ್ಲಿ ಹನ್ನೆರಡು ಮಾರ್ಗ! ಇದು ಆಗದ ಮಾತು ಎಂದು ಖಡಾಖಂಡಿತವಾಗಿ ಹೇಳಿದೆ. ಬಳಿಕ ದೊಡ್ಡ ಹಾಳೆಗಳ ಕಟ್ಟು ಎಲ್ಲಿದೆ ಎಂದು ಕೇಳಿದೆ.

ಗಡಿಬಿಡಿಯಲ್ಲಿ ಅರ್ಜಿಯ ಮೇಲೆ ಶಾಯಿ ಚೆಲ್ಲಿತು. ಬೇರೆಯದನ್ನು ತರಬೇಕು.

ಸೆಪ್ಟೆಂಬರ್ 9, ಮಂಗಳವಾರ

ಗೋಡೆಯ ಮೇಲೆ ಹಾಳೆ ಏರಿತು. ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ನಿಲ್ದಾಣಗಳು. ಒಂದೊಂದು ಬಸ್ಸೂ ಒಂದೊಂದು ಓರೆಗೆರೆ. ಬಸ್ಸು ಓಡಿದರೆ ಗೆರೆ ಇಳಿಯುತ್ತದೆ, ನಿಂತರೆ ಮಲಗುತ್ತದೆ. ಎರಡು ಗೆರೆಗಳು ಕೂಡುವಲ್ಲಿ ಎರಡು ಬಸ್ಸುಗಳು ಎದುರಾಗುತ್ತವೆ. ನೋಡಬಲ್ಲವರಿಗೆ ಇಡೀ ಊರಿನ ಒಂದು ದಿನ ಆ ಗೋಡೆಯ ಮೇಲೆ ನಡೆದಾಡುತ್ತದೆ.

ನನ್ನ ಸಹಾಯಕಿಗೆ ವಿಭಾಗದಲ್ಲಿ ಎಲ್ಲರೂ ಇಟ್ಟಿರುವ ಹೆಸರು ರಬ್ಬರು. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಮೂವತ್ತೆಂಟು ವರ್ಷದ, ಎರಡು ಮಕ್ಕಳ ತಾಯಿ. ಇನ್ನೂ ಪೆನ್ಸಿಲು ಹಿಡಿಯುವಾಗ ಕೈ ನಡುಗಿಸುತ್ತಾಳೆ. ನಾನು ಹೋದ ಮೇಲೆ ಈ ಕುರ್ಚಿಯಲ್ಲಿ ಕೂರಬೇಕಾದವಳು ಅವಳೇ.

"ಮೇಡಂ, ನೀವು ಹೋಗ್ತೀರಂತೆ, ಹೌದಾ?"

"ಹೋಗ್ತೀನಿ. ಎಂಟನೇ ನಂಬರಿನ ಗೆರೆ ಯಾಕೆ ಡೊಂಕಾಗಿದೆ?"

"ನೀವು ಹೋಗ್ತೀರಿ ಅನ್ನೋದನ್ನ ನೆನೆಸಿಕೊಂಡೇ ಡೊಂಕಾಯ್ತು ಮೇಡಂ."

ಬಾಯಲ್ಲಿ ಮಾತ್ರ ರಬ್ಬರಿಲ್ಲ.

ಸಂಜೆ ನಾಲ್ಕಕ್ಕೆ ನನ್ನ ಕೈಯಿಂದ ಸೇತುವೆಯ ಮೊದಲ ಗೆರೆ ಎಳೆದೆ. ಒಂದು ಗಂಟೆ ನಲವತ್ತು ನಿಮಿಷದ ಉದ್ದನೆಯ ಗೆರೆ ಮೂವತ್ತನಾಲ್ಕು ನಿಮಿಷಕ್ಕೆ ಇಳಿದುಬಿಟ್ಟಿತು! ಇಷ್ಟು ಕಡಿದಾದ ಗೆರೆಯನ್ನು ನಾನು ಮೂವತ್ತೊಂದು ವರ್ಷದಲ್ಲಿ ಎಳೆದಿರಲಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಮಗಳು ಎರಡು ಸಲ ಫೋನು ಮಾಡಿದ್ದಳು. ಐದನೇ ನಂಬರು ಮತ್ತು ಒಂಬತ್ತನೇ ನಂಬರು ಡಿಕ್ಕಿ ಹೊಡೆಯುತ್ತಿದ್ದವು (ಹಾಳೆಯ ಮೇಲೆ). ತೆಗೆದುಕೊಳ್ಳಲಾಗಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಮಗಳ ಮನೆಗೆ ಹೋಗಿ ಬಂದೆವು. ನದಿಯಾಚೆಯ ಹೊಸ ಬಡಾವಣೆ, ಮೈದಾನದ ಎದುರಿನ ಮೂರನೆಯ ಮಹಡಿ. ಮೊಮ್ಮಗಳು ನನ್ನ ಕನ್ನಡಕವನ್ನು ಕಿತ್ತುಕೊಂಡು ಬಾಯಿಗಿಟ್ಟುಕೊಂಡಳು. ದೃಢವಾದ ಹಿಡಿತ.

ನನಗಾಗಿ ಮಗಳು ಒಂದು ಕೋಣೆ ತೆರವು ಮಾಡಿದ್ದಾಳೆ. ಮಂಚ, ದೀಪ, ಕಿಟಕಿಯ ಪಕ್ಕ ಕುರ್ಚಿ. ಕೋಣೆ ಬಹಳ ಚೆನ್ನಾಗಿದೆ. ನಾನು ಹಾಗೆಂದೇ ಹೇಳಿದೆ.

ಮಧ್ಯಾಹ್ನ ಎಲ್ಲರೂ ಒರಗಿದಾಗ ಹೊರಗೆ ಹೋಗಿ, ಹೊಸ ಮಾರ್ಗದ ಕೊನೆಯ ನಿಲ್ದಾಣಕ್ಕೆ ಜಾಗ ನೋಡಿದೆ. ಮಗಳ ಮನೆಯಿಂದ ಎಂಟುನೂರು ಮೀಟರು ಈಚೆಗೆ, ನೀರಿನ ಟ್ಯಾಂಕಿನ ಬಳಿ ಒಂದು ವೃತ್ತವಿದೆ. ಹೆಜ್ಜೆ ಹಾಕಿ ಅಳೆದೆ. ಜಾಗ ಬಿಗಿ, ಆದರೂ ಬಸ್ಸು ತಿರುಗೀತು. ಹಿಂದಿರುಗುವಾಗ ಬಾಗಿಲಲ್ಲೇ ಮಗಳು.

"ಮೊಮ್ಮಗಳನ್ನ ನೋಡೋಕೆ ಬಂದ್ಯೋ, ರಸ್ತೆ ನೋಡೋಕೆ ಬಂದ್ಯೋ?"

"ಎರಡೂ ಒಂದೇ ಪ್ರಯಾಣದಲ್ಲಿ ಆಯ್ತಲ್ಲ."

"ಅರ್ಜಿ ಕೊಟ್ಟಾಯ್ತಾ?"

"ಸೇತುವೆ ಕೆಲಸ ಮುಗಿದ ಕೂಡಲೇ."

ಅವಳು ಮಗುವಿನ ಬಾಯಿ ಒರೆಸಿದಳು, ಅದು ಒದ್ದೆಯಾಗಿರಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ರಬ್ಬರು ಇಂದು ಮೊದಲ ಬಾರಿಗೆ ನನ್ನೊಡನೆ ವಾದಿಸಿದಳು. ನೀರಿನ ಟ್ಯಾಂಕಿನ ಬಳಿ ಕೊನೆಯ ನಿಲ್ದಾಣ ಬೇಡ, ಮುಂದಿನ ಮೈದಾನದವರೆಗೆ ಬಸ್ಸು ಹೋಗಲಿ ಎಂದಳು.

"ಅಲ್ಲಿ ಬಸ್ಸು ಸಲೀಸಾಗಿ ತಿರುಗುತ್ತೆ ಮೇಡಂ. ಮನೆಗಳೂ ಅಲ್ಲೇ ಇರೋದು."

"ಮೈದಾನದ ಎದುರಿಗೆ ಯಾರ ಮನೆಯಿದೆ ಗೊತ್ತಾ?"

"ಯಾರ ಮನೆ?"

"ನನ್ನ ಮಗಳದು."

ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಮೂವತ್ತೊಂದು ವರ್ಷದಲ್ಲಿ ನಾನು ನನ್ನವರ ಅನುಕೂಲಕ್ಕೆಂದು ಒಂದು ನಿಲ್ದಾಣ ಹಾಕಿದವಳಲ್ಲ, ಒಂದು ನಿಮಿಷ ಬದಲಿಸಿದವಳಲ್ಲ. ಸ್ವಂತ ತಂಗಿಯ ಮದುವೆಯ ದಿನವೂ ಮೂರನೇ ನಂಬರು ಛತ್ರದ ಮುಂದೆ ನಿಲ್ಲದೆ ಹಾದುಹೋಯಿತು. ತಂಗಿ ಎರಡು ವರ್ಷ ಮಾತು ಬಿಟ್ಟಿದ್ದಳು. ಹೊರಟುಹೋಗುವ ಮುನ್ನ ಮಗಳ ಮನೆಬಾಗಿಲಿಗೇ ಬಸ್ಸು ಬಿಟ್ಟುಕೊಂಡು ಹೋದಳು ಎಂದು ನಾಳೆ ಯಾರೂ ಆಡಿಕೊಳ್ಳಬಾರದು. ನೀರಿನ ಟ್ಯಾಂಕಿಗೇ ಗೆರೆ ನಿಂತಿತು. ತಿರುಗಲು ನಾಲ್ಕು ನಿಮಿಷ ಕೊಟ್ಟಿದ್ದೇನೆ.

ಈ ವಿಷಯದಲ್ಲಿ ನನಗೆ ನೆಮ್ಮದಿಯಿದೆ.

ಸೆಪ್ಟೆಂಬರ್ 22, ಸೋಮವಾರ

ಯಜಮಾನರು ಸಿಡಿದೆದ್ದಿದ್ದಾರೆ. ನಾನು ಎರಡನೆಯ ಅರ್ಜಿಯನ್ನೂ ಹರಿದದ್ದನ್ನು ಅವರು ಕಂಡರು.

"ಇದಕ್ಕೇನಾಯ್ತೇ?"

"ಕಾರಣ ಬರೆಯೋ ಜಾಗ ಚಿಕ್ಕದು. ವಾಕ್ಯ ಅರ್ಧಕ್ಕೇ ನಿಂತುಹೋಯ್ತು."

"ಮನೆ ಕಡೆ ತೊಂದರೆ ಅಂತ ಬರಿ. ಮುಗೀತು."

"ತೊಂದರೆ ಅಂತ ಹೇಗೆ ಬರೀಲಿ? ಮೊಮ್ಮಗಳು ತೊಂದರೆಯಾ?"

"ಹಾಗಾದ್ರೆ ಸಂತೋಷ ಅಂತ ಬರಿ!"

ಅದೂ ಸರಿಯೆನಿಸಲಿಲ್ಲ. ಸರ್ಕಾರಿ ನಮೂನೆಯಲ್ಲಿ ಸಂತೋಷ ಎಂದು ಬರೆಯುವ ರೂಢಿಯಿಲ್ಲ.

ಹೊರಗೆ ಹೋಗುವಾಗ ಅವರು ಹೇಳಿದ್ದು: "ಎರಡು ವರ್ಷದಿಂದ ನೋಡ್ತಿದೀನಿ. ಹನ್ನೆರಡು ಗಂಟೆ ಆಯ್ತಾ ಅಂತ ಗಡಿಯಾರ ನೋಡಿದ್ರೆ ಇನ್ನೂ ಹತ್ತೂವರೆ ಆಗಿರುತ್ತೆ. ನೀನಾದ್ರೂ ಮನೇಲಿದ್ರೆ ಒಂದು ಮಾತು ಇರುತ್ತೆ ಅಂದ್ಕೊಂಡೆ." ನಾನು ಹೊರಟಿರುವುದು ಮಗಳ ಮನೆಗೆ, ಈ ಮನೆಗಲ್ಲ, ಹಾಗಿದ್ದರೂ ಹೀಗೇಕೆ ಅಂದರೋ ತಿಳಿಯಲಿಲ್ಲ. ಬಹುಶಃ ಗಡಿಯಾರ ಕೆಟ್ಟಿರಬೇಕು. ಭಾನುವಾರ ರಿಪೇರಿಗೆ ಕೊಡಬೇಕು.

ಸೇತುವೆಯ ಮೇಲಿನ ಗರಿಷ್ಠ ವೇಗ ನಲವತ್ತು ಎಂದು ಇಂದು ಆದೇಶ ಬಂತು. ನಾನು ಲೆಕ್ಕ ಹಾಕಿದ್ದೂ ನಲವತ್ತಕ್ಕೇ! ಆದೇಶಕ್ಕೂ ಮೊದಲೇ!

ಸೆಪ್ಟೆಂಬರ್ 26, ಶುಕ್ರವಾರ

ಮುಗಿಯಿತು! ಹನ್ನೆರಡು ಮಾರ್ಗ, ನಾನೂರ ಹದಿನಾರು ಟ್ರಿಪ್ಪು, ಎಲ್ಲಿಯೂ ಒಂದು ಡಿಕ್ಕಿಯಿಲ್ಲ. ಮ್ಯಾನೇಜರು ಹಾಳೆಯ ಮುಂದೆ ನಿಂತು ಐದು ನಿಮಿಷ ಗೆರೆಗಳ ಮೇಲೆ ಬೆರಳಾಡಿಸಿದರು. ಕೊನೆಗೆ, "ಇದಕ್ಕೆ ಚೌಕಟ್ಟು ಹಾಕಿಸಬೇಕು ಮೇಡಂ" ಎಂದರು. ಚೌಕಟ್ಟು ಹಾಕಿದರೆ ತಿದ್ದುವುದು ಹೇಗೆ ಎಂದು ಕೇಳಿದೆ.

ಮೂರನೆಯ ಅರ್ಜಿಯನ್ನು ತುಂಬಿ ಚೀಲದಲ್ಲಿಟ್ಟಿದ್ದೇನೆ. ಕಾರಣ: "ವೈಯಕ್ತಿಕ". ಒಂದೇ ಪದ. ಮಗಳಿಗೆ ಫೋನು ಮಾಡಿ ಹೇಳಿದೆ. ಅವಳು "ಥ್ಯಾಂಕ್ಸ್ ಅಮ್ಮ" ಎಂದಳು. ಮಾತಿನ ನಡುವೆ ಮೂಗು ಎಳೆದುಕೊಂಡ ಸದ್ದು.

ಮೂವತ್ತರಂದು ಎರಡು ಗಂಟೆಯ ಬಸ್ಸಿನಲ್ಲಿ ಹೋಗಿ, ಮೂರು ಹನ್ನೆರಡಕ್ಕೆ ನಿಲ್ದಾಣದಲ್ಲಿಳಿದು, ಎದುರಿಗಿರುವ ಕೇಂದ್ರ ಕಚೇರಿಯಲ್ಲಿ ಅರ್ಜಿ ಕೊಡುವುದು. ನಡಿಗೆಗೆ ಮೂರು ನಿಮಿಷ. ಬೇಕಾದಷ್ಟು ಸಮಯವಿದೆ.

ಸೆಪ್ಟೆಂಬರ್ 30, ಮಂಗಳವಾರ

ಎಲ್ಲಿಂದ ಆರಂಭಿಸಲಿ!

ಎರಡು ಗಂಟೆಯ ಬಸ್ಸು. ಚಕ್ರ ಹಿಡಿದವರು ನಮ್ಮ ಹಿರಿಯ ಡ್ರೈವರು. ಎಲ್ಲರೂ ಅವರನ್ನು ಸಾವಧಾನ ಎಂದೇ ಕರೆಯುತ್ತಾರೆ. ಅವರ ಹಿಂದಿನ ಸೀಟಿನಲ್ಲಿ ನಾನು, ಕೈಯಲ್ಲಿ ಗಡಿಯಾರ, ತೊಡೆಯ ಮೇಲೆ ಪುಸ್ತಕ. ಬಸ್ಸು ಕಿಕ್ಕಿರಿದಿತ್ತು. ಸೇತುವೆ ಹತ್ತಿದೊಡನೆ ಒಳಗಿನ ಜನರೆಲ್ಲ ಒಮ್ಮೆಲೇ ಎಡಕ್ಕೆ ವಾಲಿದರು: ನದಿ! ಇಷ್ಟು ವರ್ಷ ಇದೇ ಊರಿನಲ್ಲಿದ್ದರೂ ಅದನ್ನು ನಡುವಿನಿಂದ ಯಾರೂ ನೋಡಿರಲಿಲ್ಲ. ಒಬ್ಬ ಅಜ್ಜಿ ಎದ್ದುನಿಂತು, "ಸ್ವಲ್ಪ ನಿಧಾನ ಹೋಗಪ್ಪ, ನೋಡೋಣ" ಎಂದರು. ಸಾವಧಾನರಿಗೆ ಅಷ್ಟೇ ಸಾಕಾಯಿತು, ವೇಗ ಇಪ್ಪತ್ತಕ್ಕಿಳಿಯಿತು. ನಾನು ಗದರಿಸಬೇಕಾಗಿತ್ತು. ನಾನೂ ನೋಡುತ್ತಿದ್ದೆ. ಏಳು ನಿಮಿಷ ತಡ. ಇದು ಮೊದಲ ದಿನದ ಹುರುಪು, ಪಟ್ಟಿಗೆ ಸೇರಿಸಬೇಕಾಗಿಲ್ಲ.

ಆದರೆ ನೀರಿನ ಟ್ಯಾಂಕು! ನಾನು ವೃತ್ತವನ್ನು ಅಳೆದದ್ದು ಭಾನುವಾರ. ವಾರದ ದಿನಗಳಲ್ಲಿ ಅಲ್ಲಿ ತರಕಾರಿ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಸಾವಧಾನರು ಹಿಂದೆ, ಮುಂದೆ, ಮತ್ತೆ ಹಿಂದೆ ಹೋಗಿ, ಗಾಡಿಯವರಿಂದ ಬೈಸಿಕೊಂಡು ಬಸ್ಸು ತಿರುಗಿಸುವಷ್ಟರಲ್ಲಿ ಹನ್ನೊಂದು ನಿಮಿಷ. ನಾಲ್ಕರ ಜಾಗದಲ್ಲಿ ಹನ್ನೊಂದು! ದಿನಕ್ಕೆ ಮೂವತ್ತೆಂಟು ಸಲ! ಗೋಡೆಯ ಮೇಲಿನ ಗೆರೆಗಳೆಲ್ಲ ಒಂದರ ಮೇಲೊಂದು ಕುಸಿಯುವುದು ಕಣ್ಣಿಗೆ ಕಟ್ಟಿತು.

"ಮೇಡಮ್ಮ, ಮುಂದಿನ ಮೈದಾನಕ್ಕೆ ಹೋದ್ರೆ ಒಂದೇ ಸುತ್ತಲ್ಲಿ ತಿರುಗಿಸಿಬಿಡ್ತೀನಿ. ಇದ್ಯಾರು ಇಲ್ಲಿ ಸ್ಟಾಪು ಹಾಕಿದ್ದು?"

"ನಾನು."

"ಹಾಗಾದ್ರೆ ಏನೋ ಕಾರಣ ಇರುತ್ತೆ ಬಿಡಿ," ಎಂದರು. ಅದು ಗೌರವದಿಂದ ಹೇಳಿದ ಮಾತು. ಮುಖ ಮುಚ್ಚಿಕೊಳ್ಳುವಂತಾಯಿತು.

ಮೂರೂವರೆಗೆ ನಿಲ್ದಾಣದಲ್ಲಿಳಿದೆ. ಒಂದೇ ಸಲ ಅಳೆದದ್ದನ್ನು ನಾನು ಎಂದೂ ನಂಬಿದವಳಲ್ಲ. ಮೂರು ನಲವತ್ತಕ್ಕೆ ಅದೇ ಬಸ್ಸು ಮತ್ತೆ ಹೊರಡುವುದಿತ್ತು, ಹತ್ತಿದೆ. ಈ ಬಾರಿ ಟ್ಯಾಂಕಿನ ಬಳಿ ಜನರನ್ನು ಇಳಿಸಿ, ಮೈದಾನಕ್ಕೇ ಬಿಡಲು ಹೇಳಿದೆ. ಹೋಗಲು ಎರಡು ನಿಮಿಷ, ತಿರುಗಲು ಒಂದೇ ನಿಮಿಷ, ಟ್ಯಾಂಕಿಗೆ ಮರಳಲು ಇನ್ನೆರಡು. ಒಟ್ಟು ಐದು! ಒಂದು ನಿಲ್ದಾಣ ಹೆಚ್ಚಾಗಿಯೂ ಆರು ನಿಮಿಷ ಉಳಿಯಿತು! ಸಂತೋಷಕ್ಕೆ ಸಾವಧಾನರು ಹಾರನ್ನು ಬಾರಿಸಿದರು. ಎದುರಿನ ಮಹಡಿಯ ಮೇಲಿಂದ ಯಾರೋ ಮಗುವಿನ ಕೈ ಹಿಡಿದು ಬಸ್ಸಿಗೆ ಟಾಟಾ ಮಾಡಿಸುತ್ತಿದ್ದರು. ನಾನು ಸೆಕೆಂಡುಗಳನ್ನು ಬರೆಯುವುದರಲ್ಲಿದ್ದೆ.

ಹೋಗಿ ಬರುವಾಗ ಸೇತುವೆಯ ಮೇಲೆ ಈ ಸಲವೂ ಒಟ್ಟು ಒಂಬತ್ತು ನಿಮಿಷ ತಡ. ಐದು ಗಂಟೆ ಎರಡು ನಿಮಿಷಕ್ಕೆ ಮರಳಿ, ಮರೆತುಹೋಗುವ ಮುನ್ನ ಎಂದು ನೇರ ವಿಭಾಗಕ್ಕೆ ಓಡಿದೆ. ರಬ್ಬರು ಕಾಯುತ್ತಿದ್ದಳು. ಅಂಕಿಗಳನ್ನು ನೋಡಿ ರಬ್ಬರನ್ನು ನನ್ನ ಕೈಗೆ ಕೊಟ್ಟಳು.

ಏಳಕ್ಕೆ ಮನೆ. ಯಜಮಾನರು ಬಾಗಿಲಲ್ಲೇ ಇದ್ದರು.

"ಕೊಟ್ಟು ಬಂದ್ಯಾ?"

"ಕೊಟ್ಟೆ. ಮ್ಯಾನೇಜರ ಮೇಜಿನ ಮೇಲೇ ಇಟ್ಟು ಬಂದೆ. ಆರು ನಿಮಿಷ ಉಳಿಯುತ್ತೆ ರೀ!"

"ಅದಲ್ಲ ಕಣೇ. ಅರ್ಜಿ."

ಚೀಲ ತೆರೆದೆ. ಇತ್ತು.

ಅಕ್ಟೋಬರ್ 1, ಬುಧವಾರ

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಕೇಂದ್ರ ಕಚೇರಿಗೆ ಹೋದೆ. ನಿನ್ನೆ ಐದಕ್ಕೆ ಪುಸ್ತಕ ಮುಚ್ಚಿ ಸಹಿಯಾಗಿದೆಯಂತೆ. "ಬೇರೆ ಯಾರಾದ್ರೂ ಆಗಿದ್ರೆ ಏನಾದ್ರೂ ದಾರಿ ಹುಡುಕಬಹುದಿತ್ತು. ನೀವೇ ಹೇಳಿ ಮೇಡಂ, ಟೈಮು ಅಂದ್ರೆ ಟೈಮಲ್ಲವಾ?" ಎಂದ ಗುಮಾಸ್ತ. ನಾನು ಹೌದೆಂದೆ.

ಮಗಳಿಗೆ ಹೇಳಿದೆ.

"ನಿನ್ನೆ ನಾಲ್ಕು ಇಪ್ಪತ್ತಕ್ಕೆ ಮೈದಾನಕ್ಕೆ ಬಂದ ಬಸ್ಸಲ್ಲಿ ನೀನಿದ್ಯಾ?"

"ಇದ್ದೆ."

"ಅದಕ್ಕೆ ಟಾಟಾ ಮಾಡಿಸಿದವಳು ನಾನೇ ಅಮ್ಮ. ನಿನ್ನ ಮೊಮ್ಮಗಳು ನೋಡಿದ ಮೊದಲ ಬಸ್ಸು ಅದು." ಆಮೇಲೆ, "ಕೆಲಸ ಬಿಡಬೇಕಾದವಳು ನಾನೇ ಅಂತಾಯ್ತಲ್ಲ. ಇರಲಿ ಬಿಡು," ಎಂದು ಫೋನಿಟ್ಟಳು.

ಅನ್ನ ಸೇರಲಿಲ್ಲ.

ಅಕ್ಟೋಬರ್ 2, ಗುರುವಾರ

ಗಾಂಧಿ ಜಯಂತಿ, ಆದರೆ ಬಸ್ಸಿಗೆ ರಜೆಯಿಲ್ಲ, ನಮಗೂ ಇಲ್ಲ. ಮ್ಯಾನೇಜರ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಮೈದಾನದ ನಿಲ್ದಾಣ ಬೇಕೇಬೇಕು. ಆದರೆ ಅದರ ಎದುರಿನ ಮನೆ ನನ್ನ ಮಗಳದು. ಆದ್ದರಿಂದ ನಿರ್ಧಾರವನ್ನು ಬೇರೆಯವರು ಮಾಡಲಿ ಎಂದೆ.

ಅವರು ಕನ್ನಡಕ ತೆಗೆದಿಟ್ಟರು. "ಮೇಡಂ, ಅಲ್ಲಿ ನಾನೂರು ಮನೆಗಳಿವೆ. ನಿಮ್ಮ ಮಗಳದು ಅದರಲ್ಲೊಂದು. ನಿಮ್ಮ ಪ್ರಾಮಾಣಿಕತೆಗೆ ಉಳಿದ ಮುನ್ನೂರ ತೊಂಬತ್ತೊಂಬತ್ತು ಮನೆಯವರು ಯಾಕೆ ಕಾಲೆಳೆದುಕೊಂಡು ನಡೀಬೇಕು?"

ಆದೇಶಕ್ಕೆ ರಬ್ಬರಿನಿಂದ ಸಹಿ ಮಾಡಿಸಿದೆ. ಅವಳ ಕೈ ನಡುಗಲಿಲ್ಲ.

ಸಂಜೆ ಪರಿಷ್ಕೃತ ಪಟ್ಟಿಯನ್ನು ಮನೆಯ ಮೇಜಿನ ಮೇಲೆ ಹರಡಿ ಕುಳಿತಿದ್ದೆ. ಯಜಮಾನರು ಹಿಂದಿನಿಂದ ಬಂದು ಬೆರಳಿಟ್ಟರು.

"ಏಳೂ ಹತ್ತಕ್ಕೆ ಇಲ್ಲಿ ಹತ್ತಿದ್ರೆ ಮೈದಾನದಲ್ಲಿ ಎಷ್ಟೊತ್ತಿಗೆ ಇಳೀಬಹುದು?"

"ಏಳು ನಲವತ್ತಾರು. ಯಾಕೆ?"

"ಸಂಜೆ ಆರೂ ಹತ್ತಕ್ಕೆ ಅಲ್ಲಿಂದ ಹೊರಟ್ರೆ?"

"ಆರೂ ನಲವತ್ತಾರಕ್ಕೆ ಇಲ್ಲಿ. ಯಾರು ಹೋಗೋದು?"

"ನಾನು."

ನಾನು ತಲೆಯೆತ್ತಿ ನೋಡಿದೆ. ಅವರು ಹಾಳೆಯನ್ನೇ ನೋಡುತ್ತಿದ್ದರು. ಊರಿನ ಎಲ್ಲ ಬಸ್ಸುಗಳ ಲೆಕ್ಕ ಬಲ್ಲ ನನಗೆ, ಎರಡು ವರ್ಷದಿಂದ ನಮ್ಮದೇ ಮನೆಯಲ್ಲಿ ಒಂದು ಬಸ್ಸು ಇಡೀ ದಿನ ನಿಂತೇ ಇದ್ದದ್ದು ಕಂಡಿರಲಿಲ್ಲ. ಒಂದು ಗಂಟೆ ನಲವತ್ತು ನಿಮಿಷದ ಹಳೆಯ ದಾರಿಯೇ ತಲೆಯಲ್ಲಿ ಕುಳಿತುಬಿಟ್ಟಿತ್ತು. ಅಲ್ಲಿಗೆ ಹೋದವರು ಅಲ್ಲೇ ಉಳಿಯಬೇಕು ಎಂದೇ ಎಲ್ಲರೂ ಲೆಕ್ಕ ಹಾಕಿದ್ದೆವು. ನಾನು ಕೂಡ! ಆ ಗೆರೆಯನ್ನು ಕೈಯಾರೆ ಎಳೆದವಳು!

ಮಗಳಿಗೆ ಅವರೇ ಫೋನು ಮಾಡಿದರು. ಆಚೆಯಿಂದ ಅವಳ ಕೂಗು ನನಗೂ ಕೇಳಿಸಿತು. "ಅಪ್ಪಾ, ನಿಮಗೆ ಮಗು ಎತ್ತಿಕೊಳ್ಳೋಕೇ ಬರಲ್ಲ!"

"ಯಾರು ಹೇಳಿದ್ದು? ಮೂವತ್ತಾರು ವರ್ಷ ಒಡೆಯೋ ಸಾಮಾನಿನ ಪಾರ್ಸಲ್ ಎತ್ತಿದೀನಿ. ಒಂದೂ ಬಿದ್ದಿಲ್ಲ."

"ಅದು ಅಳಲ್ಲಪ್ಪ!"

"ವಿಳಾಸದಾರರು ಅಳ್ತಿದ್ರು. ಅವರನ್ನೂ ಸುಧಾರಿಸಿದೀನಿ."

ಎರಡು ದಿನದಲ್ಲಿ ಮೊದಲ ಬಾರಿಗೆ ಮಗಳು ನಕ್ಕಳು. ಒಪ್ಪಿದಳೆಂದು ಹೇಳಲಾರೆ. "ಒಂದು ವಾರ ನೋಡೋಣ," ಎಂದಳು. "ಅಮ್ಮನಿಗೆ ಹೇಳಿ, ಸಿಟ್ಟೇನೂ ಇಳಿದಿಲ್ಲ." ಶನಿವಾರ, ಭಾನುವಾರ ಇಬ್ಬರೂ ಹೋಗಿ ಮಗುವಿನ ಹಾಲು, ನಿದ್ದೆ, ಬಟ್ಟೆ ಎಲ್ಲವನ್ನೂ ಅವರಿಗೆ ಕಲಿಸಬೇಕು. ಪಟ್ಟಿ ಮಾಡಿಕೊಡುತ್ತೇನೆಂದೆ. ಬೇಡವೇ ಬೇಡ ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಅಕ್ಟೋಬರ್ 6, ಸೋಮವಾರ

ವರದಿ: ಮಗಳು ಎಂಟೂ ಐದಕ್ಕೆ ಮನೆ ಬಿಟ್ಟು, ಎಂಟೂವರೆಗೆ ಆಸ್ಪತ್ರೆಯಲ್ಲಿ ಹಾಜರಿ ಹಾಕಿದಳು. ಮಗು ಹತ್ತರಿಂದ ಹತ್ತು ನಲವತ್ತರವರೆಗೆ ಅತ್ತಿತು. ಬಳಿಕ ಯಜಮಾನರು ಅದನ್ನು ಕಿಟಕಿಯ ಪಕ್ಕದ ಕುರ್ಚಿಗೆ ಕರೆದುಕೊಂಡು ಹೋಗಿ ಬಸ್ಸು ತೋರಿಸಿದರಂತೆ; ಪ್ರತಿ ಬಸ್ಸಿಗೂ ಸುಮ್ಮನಾಯಿತಂತೆ. "ಇನ್ನೂ ಹತ್ತಾರು ಬಸ್ಸು ಬಿಡು" ಎಂದು ಫೋನಿನಲ್ಲಿ ಹೇಳಿದರು. ಮನೆಯವರ ಅನುಕೂಲಕ್ಕೆ ಟ್ರಿಪ್ಪು ಸೇರಿಸುವ ಪದ್ಧತಿಯಿಲ್ಲ ಎಂದೆ.

ಮಗಳು ಮಧ್ಯಾಹ್ನ ಒಂದು ಸಾಲಿನ ಸಂದೇಶ ಕಳಿಸಿದಳು: "ಅಪ್ಪ ನಿನಗಿಂತ ಚೆನ್ನಾಗಿ ಮಲಗಿಸ್ತಾರೆ." ಸಿಟ್ಟಿನ್ನೂ ಇದೆ. ಭಾನುವಾರ ಹೋಗಿ ಬಯ್ಯಿಸಿಕೊಂಡು ಬರಬೇಕು.

ಮುಂದಿನ ವರ್ಷ ಇಂಥದೇ ಸುತ್ತೋಲೆ ಮತ್ತೆ ಬರುತ್ತದೆಯಂತೆ. ಬಂದರೆ ಈ ಸಲ ಮಾಡಿದಂತೆ ಮಾಡುವುದಿಲ್ಲ. ಮೊದಲ ದಿನವೇ ಅರ್ಜಿ ಕೊಟ್ಟುಬಿಡುತ್ತೇನೆ. ಆದರೆ ಮ್ಯಾನೇಜರು ಇಂದು ಒಂದು ಮಾತು ಹೇಳಿದರು: ಎರಡು ಸೇತುವೆಗಳೂ ಇರುವುದರಿಂದ ಇನ್ನು ಊರನ್ನು ಪೂರ್ತಿ ಸುತ್ತಿ ಬರುವ ಒಂದು ವರ್ತುಲ ಮಾರ್ಗ ಸಾಧ್ಯವಂತೆ! ಒಂದು ಹೊರಸುತ್ತು, ಒಂದು ಒಳಸುತ್ತು, ಎರಡೂ ಎದುರುಬದುರು! ಹಾಳೆಯ ಮೇಲೆ ಅದು ಹೇಗೆ ಕಾಣುತ್ತದೆಯೋ! ನಾಳೆ ಎಂಟಕ್ಕೆ ಬರಬೇಕೆಂದು ರಬ್ಬರಿಗೆ ಹೇಳಿದ್ದೇನೆ. ನಾನು ಏಳೂವರೆಗೆ ಹೋಗುತ್ತೇನೆ.

ಮರೆತಿದ್ದೆ. ಏಳೂ ಹತ್ತರ ಬಸ್ಸು ಇಂದು ಎರಡು ನಿಮಿಷ ತಡವಾಗಿ ಹೊರಟಿತು. ಕನ್ನಡಕ ಮರೆತು ಮನೆಗೆ ಓಡಿದ ಒಬ್ಬ ಹಿರಿಯ ಪ್ರಯಾಣಿಕರಿಗಾಗಿ ಚಾಲಕರು ಬಸ್ಸು ನಿಲ್ಲಿಸಿಕೊಂಡಿದ್ದರು. ಸಾವಧಾನರಿಗೆ ವಿವರಣೆ ಕೇಳಿ ನೋಟಿಸು ಕೊಟ್ಟಿದ್ದೇನೆ. ಪ್ರಯಾಣಿಕರಿಗೆ ಮನೆಯಲ್ಲೇ ಹೇಳಿದ್ದೇನೆ.